ಜಿಪ್ ಅಕ್ಕನ ಕೆಂಪು ಚೀಲ

ಚೀಲ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಕರೆಯುವುದು ಜಿಪ್ ಅಕ್ಕ ಎಂದೇ. ಅಂಗಡಿ ಎಂದರೆ ಒಂದು ಷಟರ್, ಒಂದು ಹೊಲಿಗೆ ಯಂತ್ರ, ಎರಡು ಸ್ಟೂಲು, ಗೋಡೆ ತುಂಬ ಮೊಳೆ, ಮೊಳೆ ತುಂಬ ಚೀಲ. ಅವಳ ಬಾಯಿ ಮಾತ್ರ ಯಾವ ಜಿಪ್ಪಿಗೂ ಬಗ್ಗುವಂಥದ್ದಲ್ಲ. ಚಕ್ರ ಮುರಿದ ಸೂಟ್‌ಕೇಸ್ ತಂದವರಿಗೆ, "ಇದ್ರಲ್ಲಿ ಬಟ್ಟೆ ತುಂಬಿದ್ರಾ, ಮನೆ ಗೋಡೆ ತುಂಬಿದ್ರಾ?" ಎಂದು ಕೇಳುತ್ತಾಳೆ.

ಅಂಥವಳು ಒಂದು ದಿನ ತಾನಾಗಿಯೇ ಕರೆದು, "ನನ್ನ ಅಂಗಡಿಗೂ ಒಂದು ವೆಬ್‌ಸೈಟ್ ಮಾಡ್ಕೊಡಪ್ಪ" ಎಂದಾಗ ನಗು ತಡೆಯಲಾಗಲಿಲ್ಲ. ಆದರೆ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಎಂದಿನ ಪಾಠ ಒಪ್ಪಿಸಿದೆ. ನೀವೇನು ಕೆಲಸ ಮಾಡುತ್ತೀರಿ ಅನ್ನುವುದು ಮೊದಲ ನೋಟಕ್ಕೇ ತಿಳಿಯಬೇಕು, ಚಿತ್ರ ಚೊಕ್ಕಟವಾಗಿರಬೇಕು. ವಿಚಾರಿಸುವವರಿಗೆ ಬರೆಯಲು ಒಂದೇ ಖಾನೆ ಸಾಕು. ಹೆಸರು ಕೊಡಿ, ನಂಬರ್ ಕೊಡಿ ಎಂದು ಪೀಡಿಸಿದರೆ ಜನ ಅರ್ಧಕ್ಕೇ ಓಡಿಹೋಗುತ್ತಾರೆ. ಅಕ್ಕ ಎಲ್ಲಕ್ಕೂ ಹೂಂ ಅಂದಳು. "ಮಧ್ಯಾಹ್ನ ಅಂಗಡಿ ಮುಚ್ಚಿರುತ್ತೆ ಅಂತ ದಪ್ಪಗೆ ಹಾಕು" ಎಂದದ್ದೊಂದೇ ಅವಳ ಕಡೆಯಿಂದ ಬಂದ ಮಾತು.

ತಗಾದೆ ಬಂದದ್ದು ಚಿತ್ರದ ವಿಷಯಕ್ಕೆ. ಯಂತ್ರದ ಮುಂದೆ ಕೂತ ಅವಳ ತಲೆಯ ಹಿಂದೆ ಬಣ್ಣಗೆಟ್ಟ ಕೆಂಪು ಚೀಲವೊಂದು ನೇತಾಡುತ್ತಿತ್ತು. ನೋಡಲು ಚೆನ್ನಾಗಿಲ್ಲವೆಂದು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿಬಿಟ್ಟಿದ್ದೆ. ನೋಡಿದವಳೇ ಕೆಂಡವಾದಳು.

"ಚೀಲ ಎಲ್ಲಿ ಹೋಯ್ತು?"

"ಹಳೇದಲ್ವಾ ಅಕ್ಕ, ನೋಡೋರಿಗೆ..."

"ಅದು ಕಾಣ್ಲಿ ಅಂತಾನೇ ಇದೆಲ್ಲ ಮಾಡಿಸ್ತಿರೋದು!"

ಆಮೇಲೆ ಹಲ್ಲಿನಲ್ಲಿ ದಾರ ಕತ್ತರಿಸುತ್ತ ಅವಳೇ ಹೇಳಿದಳು. ಚೀಲ ಅವಳ ತಂಗಿಯದು. ಆಗ ಅಂಗಡಿ ನಡೆಸುತ್ತಿದ್ದವರು ಇಬ್ಬರೂ. ಜಿಪ್ ಹಾಕಿಕೊಡು ಎಂದು ತಂಗಿ ಚೀಲ ಕೊಟ್ಟ ದಿನವೇ ಮಾತಿಗೆ ಮಾತು ಬೆಳೆದು, ಅಕ್ಕ "ಹೋಗು, ಇನ್ನು ನನ್ನ ಮುಖ ನೋಡ್ಬೇಡ" ಎಂದುಬಿಟ್ಟಳು. ತಂಗಿ ಚೀಲವನ್ನೂ ಕೇಳದೆ ಎದ್ದು ಹೋದಳು. ಆಮೇಲೆ ಅವಳ ಸುದ್ದಿಯೇ ಇಲ್ಲ.

"ಆದ್ರೆ ಬಂದು ಹೋಗ್ತಾಳಪ್ಪ" ಎಂದಳು ಅಕ್ಕ, ದನಿ ತಗ್ಗಿಸಿ. "ಅಂಗಡಿದು ಇನ್ನೊಂದು ಕೀ ಅವಳ ಹತ್ರಾನೇ ಇದೆ. ನಾನು ಊಟಕ್ಕೆ ಹೋಗಿ ಬರೋದ್ರಲ್ಲಿ ಅವಳ ಸ್ಟೂಲು ಜರುಗಿರುತ್ತೆ. ಕತ್ತರಿ ಅವಳು ಇಡ್ತಿದ್ದ ಕಡೆ ಇರುತ್ತೆ. ನಾನಿದ್ರೆ ಬರಲ್ಲ, ಅಷ್ಟೇ."

ಅದಕ್ಕೇ ಅವಳು ಬೀಗ ಬದಲಿಸಿರಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅಲ್ಲಿಯವರೆಗೆ ಆರಾಮಾಗಿ ಕೂತಿದ್ದ ಸ್ಟೂಲಿನಿಂದ ಮೆಲ್ಲಗೆ ಎದ್ದು ನಿಂತೆ.

ಚೀಲವನ್ನು ಚಿತ್ರದಲ್ಲಿ ಮತ್ತೆ ನೇತುಹಾಕಿದೆ. ವೆಬ್‌ಸೈಟ್ ನೋಡಿಕೊಂಡು ಗಿರಾಕಿಗಳು ಬರತೊಡಗಿದರು. ನಾನು ಜಂಬಪಡುತ್ತಿದ್ದರೆ ಅಕ್ಕ ಕೇಳುತ್ತಿದ್ದುದು ಒಂದೇ: "ಅವಳೇನಾದ್ರೂ ಬರೆದ್ಲಾ?"

ಒಂದು ಬೆಳಗ್ಗೆ ಬಂದ ಸಾಲು ಓದಿ ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದೆ. "ಒಳಜೇಬಿನ ಜಿಪ್ಪೂ ಕಚ್ಕೊಂಡಿತ್ತು. ಅದನ್ನೂ ಸರಿ ಮಾಡಿದ್ಯಾ, ಅಕ್ಕಾ?" ಅಷ್ಟೇ. ಹೆಸರಿಲ್ಲ, ನಂಬರಿಲ್ಲ. ಉತ್ತರ ಕಳಿಸುವುದಾದರೂ ಎಲ್ಲಿಗೆ? ನನ್ನ ಒಂದೇ ಖಾನೆಯ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ.

ಅಕ್ಕ ಚೀಲವನ್ನು ಮೊಳೆಯಿಂದ ಇಳಿಸಿದಳು. ಹೊರಗಿನ ಜಿಪ್ಪನ್ನು ಎಂದೋ ಹಾಕಿ ಮುಗಿಸಿದ್ದಳು. ತಂಗಿಯ ಮೇಲಿನ ಸಿಟ್ಟಿಗೆ ಒಳಗೆ ಕೈ ಹಾಕಿರಲಿಲ್ಲ. ಈಗ ಒಳಜೇಬಿನ ಜಿಪ್ಪಿಗೆ ಮೇಣ ಸವರಿ, ಇಕ್ಕಳದಲ್ಲಿ ಹಿಡಿದು ಎಳೆದಳು. ಜೇಬಿನಿಂದ ಅವಳ ಮಡಿಲಿಗೆ ಬಿದ್ದದ್ದು ಅಂಗಡಿಯ ಆ ಇನ್ನೊಂದು ಕೀ.

ಇಷ್ಟು ವರ್ಷವೂ ಅದು ಇಲ್ಲೇ, ಅವಳ ತಲೆಯ ಹಿಂದೆಯೇ ಇತ್ತು. ಹಾಗಾದರೆ ಸ್ಟೂಲು ಜರುಗಿಸುತ್ತಿದ್ದವರು ಯಾರು? ಅಕ್ಕ ಆ ಸ್ಟೂಲನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, "ಮಧ್ಯಾಹ್ನ ಮುಚ್ಚಿರುತ್ತೆ ಅಂತ ಹಾಕಿದ್ದೀಯಲ್ಲ, ಅದನ್ನ ತೆಗಿ" ಎಂದಳು.

"ಮತ್ತೆ ನಿಮ್ಮ ಊಟ?"

"ಇಲ್ಲೇ ತಿಂತೀನಿ. ಅವಳ ಹತ್ರ ಕೀ ಇಲ್ವಲ್ಲಪ್ಪ. ಬಂದ್ರೆ ಹೊರಗೇ ನಿಂತ್ಕೋಬೇಕಾಗುತ್ತೆ."