ಶಾವಿಗೆ ಮಣೆಯ ಸವಾರಿ

ಸೋಮವಾರ ನನ್ನನ್ನು ಸಂಡೂರಿಗೆ, ಗಂಡನ ಮನೆಗೆ ಕಳಿಸುವುದೆಂದು ಗೊತ್ತಾಗಿತ್ತು. ಅಲ್ಲಿ ಗುಡ್ಡಗಳಿವೆ, ನಮ್ಮೂರಿನಂಥ ಹೊಳೆಯಿಲ್ಲ. ನಾನೋ ಕಂಪ್ಲಿಯ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಲೇ ಹದಿನಾರು ತುಂಬಿಸಿದವಳು. ಅಣ್ಣ ಹಲಗೆಯ ಮೇಲೆ ಬೋರಲು ಮಲಗಿ ಅಲೆಯ ಜೊತೆ ಸುಯ್ಯೆಂದು ಇಳಿಯುವುದನ್ನು ನೋಡಿ ನೋಡಿ ಹೊಟ್ಟೆ ಉರಿದುಕೊಂಡಿದ್ದೆ. ಹೋಗುವುದರೊಳಗೆ ಒಂದು ಸಲವಾದರೂ ನಾನೂ ಇಳಿಯಲೇಬೇಕು. ಉಳಿದದ್ದು ಮೂರೇ ದಿನ.

ಶುಕ್ರವಾರ ಬೆಳಿಗ್ಗೆ ಅಣ್ಣನ ಹಲಗೆ ಕದ್ದೆ. ಹಳೇ ಬಂಡಿಯದು, ಎರಡು ಮೊಳ ಉದ್ದ. ಮಳೆಗಾಲದಲ್ಲಿ ಅವನನ್ನು ಹೊತ್ತು ಹಾರುತ್ತಿದ್ದುದು ಅದೇ. ಆದರೆ ಈಗ ಬೇಸಿಗೆ. ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ಕೆಳಗೆ ನೀರು ಸೊಂಟದ ಮಟ್ಟಕ್ಕಿತ್ತು. ಅಲೆಗಳು ನೀರಾದ ಅಂಬಲಿಯಂತೆ, ಏಳುವ ಮೊದಲೇ ಕುಸಿಯುತ್ತಿದ್ದವು. ಕಚ್ಚೆ ಬಿಗಿದು ಮಲಗಿದೆನೋ ಇಲ್ಲವೋ, ಹಲಗೆ ಮುಳುಗಿತು, ನಾನೂ ಮುಳುಗಿದೆ. ಮೂಗಿನ ತುಂಬ ನೀರು.

ಎದ್ದು ನೋಡಿದರೆ ದಂಡೆಯಲ್ಲಿ ಅಜ್ಜಿ! ಅಪ್ಪನ ತಾಯಿ, ಇಡೀ ಮನೆಯೇ ಹೆದರುವ ಹೆಂಗಸು. ಹಲಗೆಯನ್ನು ಬೆನ್ನ ಹಿಂದೆ ಸರಿಸಿದೆ.

"ಹುಚ್ಚಿ," ಎಂದಳು. "ನೀರಿಗೆ ಜೋರಿದ್ರ ಸಣ್ಣ ಹಲಗಿ ನಡೀತದ. ನೀರು ಮೈಗಳ್ಳ ಆದಾಗ ಉದ್ದ ಬೇಕು, ಅಗಲ ಬೇಕು. ನಿನಗಿಂತ ಒಂದು ಗೇಣು ಹೆಚ್ಚಿರಬೇಕು."

"ನಿನಗ ಹೆಂಗ ಗೊತ್ತಜ್ಜಿ?"

"ನಾನೇನು ಮುದುಕಿ ಆಗೇ ಹುಟ್ಟೀನೇನು?"

ಮನೆಗೆ ಬಂದು ಇಬ್ಬರೂ ಕಳ್ಳರಂತೆ ಹುಡುಕಿದೆವು. ಕೂರುವ ಮಣೆ ಎತ್ತಿದರೆ ಅಜ್ಜಿ "ಇದು ಬೆಕ್ಕಿಗೆ ಸಾಕು" ಎಂದಳು. ಕಣಜದ ಬಾಗಿಲು ಅಳತೆಗೆ ಸರಿ, ಆದರೆ ಅಲುಗಾಡಲಿಲ್ಲ. ಆಗ ಕಣ್ಣಿಗೆ ಬಿತ್ತು ಶಾವಿಗೆ ಮಣೆ. ಹೆಂಗಸರು ಮೇಲೆ ಕೂತು ಹಿಟ್ಟು ಹೊಸೆದು ಎಳೆ ತೆಗೆಯುವ ನೀಳ ಹಲಗೆ ಅದು, ಹಗುರ ಮರದ್ದು. ಅಜ್ಜಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಅಳೆದಳು. ಸರಿಯಾಗಿ ಒಂದು ಗೇಣು ಹೆಚ್ಚು!

ಆದರೆ ನನ್ನೊಡನೆ ಸಂಡೂರಿಗೆ ಕಳಿಸುವ ಶಾವಿಗೆಯನ್ನು ಮರುದಿನ ಮಾಡಬೇಕಾಗಿದ್ದುದು ಅದರ ಮೇಲೆಯೇ. ಅವ್ವ ಆಗಲೇ ಒರೆಸಿ ಇಟ್ಟಿದ್ದಳು.

"ಅವ್ವ ಕೊಲ್ತಾಳ," ಎಂದೆ.

"ಆಕಿಗೆ ನಾ ಹೇಳ್ತೀನಿ. ಜಲ್ದಿ ನಡಿ."

ಒಡ್ಡಿನ ಕೆಳಗೆ ಎದೆಯೂರಿ ಮಲಗಿದೆ. ಮಣೆ ಮುಳುಗಲಿಲ್ಲ. ಸೋತ ಅಲೆಯೊಂದು ಬಂದು ಹಿಂದಿನಿಂದ ಮೆಲ್ಲಗೆ ಎತ್ತಿತು. "ಕಾಲು ಬಡೀ!" ಎಂದು ಅಜ್ಜಿ ಕೂಗಿದಳು. ಬಡಿದೆ. ಹೊರಟೆ! ಬಂಡೆಗಳು ಹಿಂದಕ್ಕೆ ಓಡಿದವು, ಗಾಳಿ ಕಿವಿಗೆ ಬಡಿಯಿತು, ನಾನು ಕಿರುಚಿದ್ದು ಆಚೆ ದಂಡೆಗೂ ಕೇಳಿರಬೇಕು. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಒಂದು ಸಲ ಎಂದುಕೊಂಡವಳು ಏಳು ಸಲ ಇಳಿದೆ.

ಮರುದಿನ ತೇವ ಹಿಡಿದ ಮಣೆಗೆ ಹಿಟ್ಟು ಅಂಟಿಕೊಂಡಿತು. ಏನು ಮಾಡಿದರೂ ಎಳೆ ತೆಳ್ಳಗೆ ಬರಲಿಲ್ಲ.

"ಯಾರು ತೋಯಿಸಿದ್ರಿದನ್ನ?" ಅವ್ವ ಚೀರಿದಳು.

"ನಾನೇ. ಹುಳ ಹಿಡಿದಿತ್ತು, ತೊಳದೆ," ಎಂದಳು ಅಜ್ಜಿ. ಅವಳಿಗೆ ಎದುರಾಡುವವರು ಯಾರು?

ಸಂಡೂರಿನಲ್ಲಿ ಅತ್ತೆ ಡಬ್ಬಿ ತೆರೆದು ಹುಬ್ಬೇರಿಸಿದರು. "ನಿಮ್ಮ ತವರಾಗ ಶಾವಿಗಿ ಇಷ್ಟು ದಪ್ಪ ಮಾಡ್ತಾರೇನವಾ?"

"ಹೂಂ ರೀ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ.

ಆ ಡಬ್ಬಿ ಇರುವವರೆಗೆ ನಾನು ತವರು ನೆನೆದು ಒಮ್ಮೆಯೂ ಅಳಲಿಲ್ಲ. ಖಾಲಿಯಾದ ದಿನ ಅಳು ತಡೆಯಲಾಗಲಿಲ್ಲ.