ಬೇಸ್‌ಮೆಂಟಿನ ಜಿರಳೆ ಸಂಸಾರ

ನನ್ನ ಮಗಳು ಸನಾ ತನ್ನ ಬಾತ್‌ರೂಮಿನಲ್ಲಿ ಶವರಿನ ಕೊಳವೆಗೆ ಒಂದು ಕಟ್ಟು ನೀಲಗಿರಿ ಸೊಪ್ಪು ತೂಗುಹಾಕಿದ್ದಾಳೆ. ಈಗ ಇದೇ ಫ್ಯಾಷನ್ನಂತೆ. ಬಿಸಿನೀರಿನ ಹಬೆ ತಾಗಿದರೆ ಘಮ್ಮೆನ್ನುತ್ತದೆ, ಸ್ಟ್ರೆಸ್ ಇಳಿಯುತ್ತದೆ ಎಂದು ಅವಳ ಅಂಬೋಣ. ನಮ್ಮ ಮೈಸೂರಿನಲ್ಲಿ ನೀಲಗಿರಿ ಎಂದರೆ ನೆಗಡಿ, ಅಷ್ಟೇ. ಮೂಗು ಕಟ್ಟಿದ ದಿನ ಅಮ್ಮಿ ಕರ್ಚೀಫಿಗೆ ಎರಡು ಹನಿ ಎಣ್ಣೆ ಹಾಕಿ, ಯೂನಿಫಾರ್ಮಿನ ಎದೆಗೆ ಪಿನ್ ಮಾಡಿ ನನ್ನನ್ನು ಕಾನ್ವೆಂಟಿಗೆ ಅಟ್ಟುತ್ತಿದ್ದರು. ಆದರೆ ಈವತ್ತು ಬೆಳಗ್ಗೆ ಸ್ನಾನ ಮುಗಿಸಿ ನಿಂತಾಗ ಆ ವಾಸನೆ ತಂದದ್ದು ಅಮ್ಮಿಯನ್ನಲ್ಲ, ಮೈಸೂರನ್ನೂ ಅಲ್ಲ. ಜಿರಳೆಗಳನ್ನು. ಬಾತ್‌ರೋಬ್ ಸುತ್ತಿಕೊಂಡು ಕಮೋಡಿನ ಮುಚ್ಚಳದ ಮೇಲೆ ಹಾಗೇ ಕೂತುಬಿಟ್ಟೆ.

ಮುಖ ಸಿಂಡರಿಸಬೇಡಿ. ನೀವು ಚಪ್ಪಲಿ ಹಿಡಿದು ಅಟ್ಟಾಡಿಸುವ ಜಾತಿಯಲ್ಲ ಇವು. ಆಸ್ಟ್ರೇಲಿಯಾದವು, ರೆಕ್ಕೆಯಿಲ್ಲ, ವಾಸನೆಯಿಲ್ಲ, ಓಡಾಟದಲ್ಲಿ ಅವಸರವಿಲ್ಲ. ಅಂಗೈ ತುಂಬುವಷ್ಟು ದೊಡ್ಡವು. ಮರಳಿನಲ್ಲಿ ಆಳವಾಗಿ ಬಿಲ ತೋಡಿಕೊಂಡು, ಮೇಲೆ ಬಂದು ಒಂದು ಒಣಗಿದ ನೀಲಗಿರಿ ಎಲೆಯನ್ನು ಕಚ್ಚಿ ಹಿಡಿದು, ಮದುವೆ ಊಟ ಮುಗಿಸಿದ ದೊಡ್ಡಮ್ಮನ ಹಾಗೆ ನಿಧಾನವಾಗಿ ಹಿಂದೆ ಹಿಂದೆ ಸರಿದು ಮತ್ತೆ ಒಳಗೆ ಹೋಗುತ್ತವೆ.

ಅವನ್ನು ಮನೆಗೆ ತಂದದ್ದು ನಮ್ಮ ಯಜಮಾನರು. ಆಗ ನಾವಿದ್ದದ್ದು ಇದೇ ಅಮೆರಿಕದ ಸಮರ್‌ಸೆಟ್ ಎಂಬ ಊರಿನಲ್ಲಿ, ಸನಾ ದೂರದ ಕಾಲೇಜಿನಲ್ಲಿ. ಇವರು ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ವರ್ಷಾನುಗಟ್ಟಲೆ ಕಮ್ಯೂಟ್ ಮಾಡಿದವರು. ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸಿದ ಆ ಫಾಲ್ ಸೀಸನ್ ನಿಮಗೆ ನೆನಪಿರಬಹುದು. ಟಿವಿ ಹಾಕಿದರೆ ಸಾಕು, ಯಾವುದೋ ಕಟ್ಟಡದ ಮೆಟ್ಟಿಲಿನಿಂದ ಜನ ರಟ್ಟಿನ ಡಬ್ಬ ಹೊತ್ತು ಇಳಿಯುತ್ತಿದ್ದರು. ಇವರ ಸರದಿಯೂ ಬಂತು. ಸಂಜೆ ಬಾಗಿಲು ತೆರೆದರೆ ಇವರ ಕೈಯಲ್ಲಿ ರಟ್ಟಿನ ಡಬ್ಬವಿಲ್ಲ, ಅರ್ಧ ಮರಳು ತುಂಬಿದ ಗಾಜಿನ ಪೆಟ್ಟಿಗೆ!

"ಇದೇನ್ರೀ?"

"ಬೆತ್‌ದು."

ಬೆತ್ ಇವರ ಪಕ್ಕದ ಡೆಸ್ಕಿನ ಹುಡುಗಿ, ಆಸ್ಟ್ರೇಲಿಯಾದವಳು. ಕೆಲಸ ಹೋದದ್ದರಿಂದ ಅವಳ ವೀಸಾನೂ ಹೋಯಿತು. ವಾರದೊಳಗೆ ಊರಿಗೆ ಹೊರಡಬೇಕು. ಈ ಜಿರಳೆ ಜೋಡಿಯನ್ನು ವಿಮಾನ ಹತ್ತಿಸುವಂತಿಲ್ಲ. ಇವರು ಅವಳ ಅಪಾರ್ಟ್‌ಮೆಂಟಿಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು, ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. "ಯಾರೂ ಏನೂ ಕೇಳಲಿಲ್ವಾ?" ಎಂದೆ. "ಇವತ್ತು ಎಲ್ಲರ ತೊಡೆ ಮೇಲೂ ಏನೋ ಒಂದು ಇತ್ತು," ಎಂದರು. ಆಮೇಲೆ, "ಬೇರೆ ಕೆಲಸ ಸಿಕ್ಕಿದ ಕೂಡಲೇ ವಾಪಸ್ ಬರ್ತಾಳೆ. ಅಲ್ಲೀತನಕ ಅಮಾನತ್."

ಅಮಾನತ್ ಎಂದರೆ ನಿಮ್ಮನ್ನು ನಂಬಿ ಇನ್ನೊಬ್ಬರು ಕೈಗಿಟ್ಟದ್ದು. ಇಟ್ಟದ್ದನ್ನು ಇಟ್ಟ ಹಾಗೇ ಹಿಂದಿರುಗಿಸಬೇಕು. ನಮ್ಮ ಮನೆಯಲ್ಲಿ ಆ ಮಾತು ಬಂದ ಮೇಲೆ ವಾದವಿಲ್ಲ. ಪೆಟ್ಟಿಗೆ ಬೇಸ್‌ಮೆಂಟಿಗೆ ಇಳಿಯಿತು. ಪಿಯುಸಿಯಲ್ಲಿ ಜಿರಳೆಯನ್ನು ಮೇಣದ ತಟ್ಟೆಗೆ ಪಿನ್ ಹೊಡೆದು, ಕೊಯ್ದು, ಅದರ ಬಾಯಿಯ ಭಾಗಗಳನ್ನು ಸ್ಲೈಡಿನ ಮೇಲೆ ಜೋಡಿಸಿ, ಸಿಸ್ಟರ್ ಬಾಯಲ್ಲಿ 'ವೆರಿ ನೀಟ್' ಅನಿಸಿಕೊಂಡವಳು ನಾನು. ಈಗ ಅದೇ ಕುಲದವರಿಗೆ ನೀರು ಚಿಮುಕಿಸುವ ಯೋಗ!

ಜಿರಳೆಗಳ ಜೊತೆಗೆ ಇವರೂ ಬೇಸ್‌ಮೆಂಟಿಗೆ ಇಳಿದರು. ಮಾತು ನಿಂತಿತು. ಬಂದ ಫೋನ್ ಎತ್ತುತ್ತಿರಲಿಲ್ಲ. ಶುಕ್ರವಾರ ಮಸೀದಿಗೆ ಹೋದರೂ ಕಡೇ ಸಾಲಿನಲ್ಲಿ ನಿಂತು, ಯಾರ ಕಣ್ಣಿಗೂ ಬೀಳದೆ ವಾಪಸ್. ಊಟಕ್ಕೆ ಕೂತಾಗ ನಾನು ಒಬ್ಬಳೇ ಎರಡು ಜನದ ಮಾತು ಆಡುತ್ತಿದ್ದೆ. ಇವರು ಬಾಯಿ ಬಿಡುತ್ತಿದ್ದದ್ದು ಒಂದೇ ವಿಷಯಕ್ಕೆ: "ಹೆಣ್ಣು ಇವತ್ತು ಮೂರು ಎಲೆ ಎಳ್ಕೊಂಡು ಹೋಯ್ತು." ಅದರ ಹೊಟ್ಟೆ ದಪ್ಪಗಾಗಿದೆ, ಮರಿ ಹಾಕಬಹುದು ಎಂದು ಬೆತ್ ಇಮೇಲ್ ಮಾಡಿದ್ದಳಂತೆ. ಆ ಮರಿಗಳಿಗಾಗಿ ಇವರು ಕಾಯುತ್ತಿದ್ದರು. ನಾನು ಇವರಿಗಾಗಿ ಕಾಯುತ್ತಿದ್ದೆ. ಈ ಜೀವಗಳಿಗೆ ಏನಾದರೂ ಆದರೆ ಇವರು ಪೂರ್ತಿ ಮುಳುಗಿಯೇ ಹೋಗುತ್ತಾರೆ ಎಂಬ ಹೆದರಿಕೆ ನನಗೆ.

ಎಲೆಯ ದೆಸೆಯಿಂದಾದರೂ ಇವರು ಮನೆಯಿಂದ ಹೊರಬಿದ್ದರು ಅನ್ನಿ. ಹೂವಿನಂಗಡಿಗಳಲ್ಲಿ ನೀಲಗಿರಿ ಸಿಗುತ್ತದೆ, ಆದರೆ ಅದಕ್ಕೆ ಬಣ್ಣ, ಸೆಂಟು ಹೊಡೆದಿರುತ್ತಾರೆ. ಊರೂರು ಡ್ರೈವ್ ಮಾಡಿ ಸಾಕಾಗಿ, ಕೊನೆಗೆ ಕ್ಯಾಲಿಫೋರ್ನಿಯಾದ ನನ್ನ ತಂಗಿಯ ಹಿತ್ತಿಲಿನಿಂದ ಒಣ ಎಲೆಯ ಪಾರ್ಸೆಲ್ ತರಿಸುವುದೆಂದಾಯಿತು. "ಅಕ್ಕಾ, ಅಮೆರಿಕದಲ್ಲಿ ಕಸಾನೂ ಪೋಸ್ಟಲ್ಲಿ ಕಳಿಸೋ ಹಾಗಾಯ್ತಲ್ಲೇ," ಎಂದು ಅವಳು ನಕ್ಕಳು. ಇಡೀ ಬೇಸ್‌ಮೆಂಟ್ ನೆಗಡಿಯ ವಾಸನೆ.

ವಸಂತದಲ್ಲಿ ಆಪಾ ಬಂದರು. ಆಪಾ ಎಂದರೆ ಇವರ ಅಕ್ಕ, ಮ್ಯಾನ್‌ಹಟನ್ನಿನ ಆಚೆಯ ಫ್ಲೋರಲ್ ಪಾರ್ಕಿನವರು. ತಾಯಿ ಬೇಗ ತೀರಿಕೊಂಡದ್ದರಿಂದ ಇವರನ್ನು ಎತ್ತಿ ಆಡಿಸಿ ದೊಡ್ಡ ಮಾಡಿದವರು. ಅವರಿಗೆ ಇವರು ಇವತ್ತಿಗೂ ಮುನ್ನಾ. ಕೂದಲು ಪೂರ್ತಿ ಬೆಳ್ಳಗಾದರೂ ನಾನು ದುಲ್ಹನ್, ಅಂದರೆ ಹೊಸ ಮದುವಣಗಿತ್ತಿ. ಬೆಂಗಳೂರಿಗೆ ಹೋಗಿದ್ದವರು ತಮ್ಮನ ಸುದ್ದಿ ಕೇಳಿ, ಏರ್‌ಪೋರ್ಟಿನಿಂದ ಸೂಟ್‌ಕೇಸ್ ಸಮೇತ ನೇರ ನಮ್ಮಲ್ಲಿಗೇ ಬಂದರು.

"ದುಲ್ಹನ್, ನಮಾಜ್ ಮಾಡೋ ಮನೇಲಿ ಇದನ್ನ ಸಾಕ್ತೀರಾ? ಒಂದು ಬೆಕ್ಕು ಸಿಗಲಿಲ್ವಾ ನಿಮಗೆ?"

"ಇವು ಗಲೀಜಿನವಲ್ಲ ಆಪಾ. ಒಣ ಎಲೆ ಬಿಟ್ಟು ಇನ್ನೇನೂ ಮುಟ್ಟಲ್ಲ. ಪಕ್ಕಾ ವೆಜಿಟೇರಿಯನ್."

ಆಪಾ ಕನ್ನಡಕ ಏರಿಸಿ ಗಾಜಿನೊಳಗೆ ಇಣುಕಿದರು. "ಯಾ ಅಲ್ಲಾ, ಥೇಟ್ ಖರ್ಜೂರದ ಬಣ್ಣ! ಇನ್ನು ರಂಜಾನಿನಲ್ಲಿ ನಾನು ಖರ್ಜೂರ ತಿಂದು ರೋಜಾ ಬಿಡೋದು ಹೇಗೆ?"

ಇವರ ತುಟಿಯ ಅಂಚು ಒಂದಿಷ್ಟು ಅಲುಗಿತು. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮ ಹೆಂಗಸರ ಒಂದು ಸಿದ್ಧಾಂತ ನಿಮಗೆ ಗೊತ್ತೇ ಇರುತ್ತದೆ: ಅಮೆರಿಕದ ಜಿರಳೆಗೆ ಅಮೆರಿಕದ ಔಷಧಿ ನಾಟುವುದಿಲ್ಲ. ಆದ್ದರಿಂದ ಊರಿನಿಂದ ಬರುವ ಪ್ರತಿ ಸೂಟ್‌ಕೇಸಿನಲ್ಲೂ ಉಪ್ಪಿನಕಾಯಿ, ಮೆಂತ್ಯದ ಹಿಟ್ಟುಗಳ ಸಂದಿಯಲ್ಲಿ ಜಿರಳೆ ಚಾಕ್‌ನ ಪೆಟ್ಟಿಗೆ ಇದ್ದೇ ಇರುತ್ತದೆ. ಅಡುಗೆಮನೆಯ ಮೂಲೆಗಳಿಗೆ ಆ ಬಿಳಿ ಗೆರೆ ಎಳೆದರೆ ಜಿರಳೆ ದಾಟುವುದಿಲ್ಲ. ದಾಟಿದರೆ ಸಾಯುತ್ತದೆ ಎಂಬುದನ್ನು ಯಾರೂ ಹೆಚ್ಚು ಯೋಚಿಸುವುದಿಲ್ಲ. ನಮ್ಮ ಪಾಲಿಗೆ ಅದೊಂದು ಬೇಲಿ.

ಒಂದು ಬೆಳಗ್ಗೆ ಬೇಸ್‌ಮೆಂಟಿನಿಂದ ಇವರ ಕೂಗು ಕೇಳಿತು. ಎಷ್ಟೋ ತಿಂಗಳಿಂದ ಆ ಗಂಟಲು ಅಷ್ಟು ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ.

"ಯಾರು ಮಾಡಿದ್ದು ಇದನ್ನ?"

ಕೆಳಗೆ ಓಡಿದೆ. ಪೆಟ್ಟಿಗೆಯ ಸುತ್ತ ನೀಟಾಗಿ ಬಿಳಿ ಗೆರೆ. ಮೇಲಿನ ಜಾಲರಿಯ ಮುಚ್ಚಳದ ಮೇಲೂ ಗೆರೆ. ಅದರ ಪುಡಿ ಒಳಗಿನ ಎಲೆಗಳ ಮೇಲೆ ಉದುರಿತ್ತು. ಗಂಡು ಮೇಲುಗಡೆ ಅಂಗಾತ ಬಿದ್ದು, ಸ್ವೆಟರ್ ಹೆಣೆಯುವ ಬೆರಳುಗಳ ಹಾಗೆ ಕಾಲು ಆಡಿಸುತ್ತಿತ್ತು.

ಮೆಟ್ಟಿಲಿನ ಮೇಲೆ ಆಪಾ ನಿಂತಿದ್ದರು. "ನಾನೇ ಮುನ್ನಾ. ಹೊರಗೆ ಬಂದು ಎಲ್ಲಾದರೂ ತಪ್ಪಿಸ್ಕೊಂಡಾವು ಅಂತ. ಕೊಲ್ಲೋಕಲ್ಲಪ್ಪಾ."

"ಅದು ವಿಷ ಆಪಾ! ಇನ್ನೊಬ್ಬರ ಅಮಾನತ್ ಇದು. ಬೆತ್‌ಗೆ ಏನು ಹೇಳಲಿ ನಾನು?"

ಜೀವಮಾನದಲ್ಲಿ ಇವರು ಆಪಾಗೆ ಎದುರು ಮಾತಾಡಿದವರಲ್ಲ. ಆಪಾ ಮೇಲೆ ಹೋದರು. ಇವರು ಹೆಣ್ಣನ್ನು ತೆಗೆಯಲು ಮರಳಿಗೆ ಕೈಹಾಕಿದರು. ಆದರೆ ಮರಳು ಕೆದಕದೆ ಕೈ ಹಿಂದಕ್ಕೆ ತೆಗೆದುಕೊಂಡುಬಿಟ್ಟರು. "ಸರೀರಿ, ನಾನು ಮಾಡ್ತೀನಿ," ಎಂದೆ. ವಿಷ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಗರಾಜಿನಲ್ಲಿ ಹೊಸ ಮರಳಿನ ಚೀಲವಿತ್ತು. ಆದರೆ ಹಾಕುವುದು ಯಾವುದರಲ್ಲಿ? ಇದ್ದಬದ್ದ ಬಕೆಟ್ಟಿಗೆಲ್ಲ ಬ್ಲೀಚಿನ ನಾತ.

ಮೆಟ್ಟಿಲ ಮೇಲೆ ಠಣ್ ಠಣ್ ಸದ್ದಾಯಿತು. ಆಪಾ ತಮ್ಮ ತಾಮ್ರದ ದೇಗನ್ನು ಸೊಂಟಕ್ಕೆ ಆನಿಸಿಕೊಂಡು ಇಳಿಯುತ್ತಿದ್ದರು. ದೇಗ್ ಎಂದರೆ ಬಿರಿಯಾನಿಯ ಹಂಡೆ. ಅವರ ತಾಯಿಯದು, ಕಲಾಯಿ ಹಾಕಿಸಿ ಮೈಸೂರಿನಿಂದ ತಂದದ್ದು. ಅವರ ಮನೆಯಲ್ಲಿ ಜಾಗ ಸಾಲದೆ ನಮ್ಮಲ್ಲಿರುತ್ತಿತ್ತು. ಈದ್ ಬಿಟ್ಟರೆ ಹೊರಬರುತ್ತಿರಲಿಲ್ಲ. ಅದರ ತಳಕ್ಕೆ ಯಾರ ಸೌಟೂ ತಾಗುವಂತಿರಲಿಲ್ಲ.

"ಇದರಲ್ಲಿ ಹಾಕಿ. ಆಳ ಇದೆ," ಎಂದರು.

ದೇಗಿಗೆ ಹೊಸ ಮರಳು ಸುರಿದು, ಪೆಟ್ಟಿಗೆಯ ತಳದವರೆಗೆ ಬೆರಳಿನಿಂದಲೇ ತೋಡಿದೆ. ಹೆಣ್ಣು ಸಿಕ್ಕಿತು, ಉಸ್ಸೆಂದಿತು. ಜೀವವಿತ್ತು. ಅದರ ಹೊಟ್ಟೆಯಡಿಯಲ್ಲಿ, ಬಣ್ಣ ಇನ್ನೂ ಬಾರದ, ಹುಣಸೆಬೀಜದಷ್ಟೇ ಇರುವ ಮರಿಗಳು. ಯಾವಾಗ ಹಾಕಿತ್ತೋ! ಎಲೆಯ ಚೂರುಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದೊಂದನ್ನೇ ಎತ್ತಿ ದೇಗಿಗೆ ಬಿಟ್ಟೆ. ಪಿನ್ನಿಲ್ಲದೆ ಜಿರಳೆಯನ್ನು ಹಿಡಿದದ್ದು ಅದೇ ಮೊದಲು.

"ಇಷ್ಟು ಚಿಕ್ಕವು ಏನು ತಿಂತಾವೋ ಮುನ್ನಾ?" ಆಪಾ ಕೇಳಿದರು.

"ತಾಯಿ ಎಲೆ ತಂದು ಕೊಡುತ್ತೆ."

"ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತೀಯಾ? ಎಲೆ ಹಾಕು ಅವಳಿಗೆ!"

ಗಂಡು ಮಧ್ಯಾಹ್ನ ಸತ್ತಿತು. ಹಿತ್ತಿಲಲ್ಲಿ ಮಣ್ಣು ಮಾಡಿದೆವು. ಆಪಾ ಪಕ್ಕದಲ್ಲಿ ನಿಂತು ತುಟಿ ಆಡಿಸಿದ ಹಾಗಾಯಿತು. ಕೇಳಿದರೆ, "ಗಂಟಲು ಕೆರೀತು," ಎಂದರು.

ಸಂಜೆ ಇವರು ಬೇಸ್‌ಮೆಂಟಿನಲ್ಲಿ ಕೂತು ಬೆತ್‌ಗೆ ಫೋನ್ ಹಚ್ಚಿದರು, ಅಲ್ಲಿ ಬೆಳಗಾಗಿತ್ತು. ಚಹಾ ಹಿಡಿದು ಇಳಿಯುತ್ತಿದ್ದವಳು ಮೆಟ್ಟಿಲ ಮೇಲೇ ನಿಂತೆ. "ಬೆತ್, ಐ ಲಾಸ್ಟ್ ಒನ್ ಆಫ್ ದೆಮ್," ಎಂದರು. ಆಮೇಲೆ ಮಾತು, ತೂಬು ತೆಗೆದ ಹಾಗೆ. ಬೆಳಗ್ಗೆ ಎದ್ದ ಕೂಡಲೇ ಕೈ ತಾನಾಗಿ ಟೈ ಹುಡುಕುವುದು. ಮಸೀದಿಯಲ್ಲಿ ಯಾರಾದರೂ 'ಏನು ಮಾಡ್ಕೊಂಡಿದ್ದೀರಿ' ಎಂದಾರೆಂಬ ಹೆದರಿಕೆ. "ಮೈ ವೈಫ್ ಈಸ್ ಸ್ಟ್ರಾಂಗ್," ಎಂದರು. ನನಗೂ ಹೇಳಿ ನಾನೂ ಕುಸಿದುಬಿಟ್ಟರೆ ತಾವು ಯಾರನ್ನು ಹಿಡಿದುಕೊಳ್ಳುವುದು ಎಂದು ಇಂಗ್ಲಿಷಿನಲ್ಲೇ ಕೇಳಿದರು.

ಅಷ್ಟು ತಿಂಗಳು ನಾನು ಕಾದ ಮಾತೆಲ್ಲ ಯಾವುದೋ ದೇಶದ ಹುಡುಗಿಯ ಕಿವಿಗೆ ಹೋಗುತ್ತಿತ್ತು. ನನಗೆ ಅಸೂಯೆಯಾಯಿತು ಎಂದರೆ ನಗುತ್ತೀರೇನೋ. ಆದರೂ ಇಳಿದು ಹೋಗಿ ದೇಗಿನ ಪಕ್ಕದಲ್ಲಿ, ನೆಲದ ಮೇಲೆ ಕೂತೆ. ಇವರು ನೋಡಿದರು. "ಕೇಳಿಸ್ತಾ?" ಎಂದರು. "ಎಲ್ಲಾ," ಎಂದೆ. ಫೋನ್ ಇಟ್ಟ ಮೇಲೂ ಇವರು ಮಾತು ನಿಲ್ಲಿಸಲಿಲ್ಲ. ಈ ಸಲ ನಮ್ಮ ಮನೆಮಾತಿನಲ್ಲಿ, ನನ್ನ ಕಡೆ ತಿರುಗಿ. ಚಹಾ ಕೆನೆಗಟ್ಟಿತು.

ಬೆತ್ ವಾಪಸ್ ಬರಲಿಲ್ಲ. "ಅವು ಈಗ ನಿಮ್ಮವೇ," ಎಂದು ಬರೆದಳು. ದೇಗ್ ಮತ್ತೆ ಒಲೆ ಹತ್ತಲಿಲ್ಲ. ಆಪಾ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಮರಿಗಳ ಯೋಗಕ್ಷೇಮ, ಆಮೇಲೆ ನಮ್ಮದು. ಇವರಿಗೆ ಸಮರ್‌ಸೆಟ್ಟಿನಲ್ಲೇ ಸಣ್ಣದೊಂದು ಕೆಲಸ ಸಿಕ್ಕಿತು. ಮರಿಗಳು ದೊಡ್ಡವಾಗಿ, ಅವಕ್ಕೂ ಮರಿಯಾಗಿ, ಕೈಲಾಗದೆ ಹೋದಾಗ ಇವರೇ ಅವನ್ನೆಲ್ಲ ಒಂದು ಕಾಲೇಜಿನ ಲ್ಯಾಬಿಗೆ ಒಪ್ಪಿಸಿ ಬಂದರು. ಹೋದ ಚಳಿಗಾಲ ಇವರೂ ಹೋದರು. ಮನೆ ಖಾಲಿ ಮಾಡಿ ನಾನು ಸನಾಳ ಮನೆಗೆ ಬಂದೆ.

ಬಾಗಿಲು ಬಡಿದ ಸದ್ದು. "ಅಮ್ಮೀ? ಯು ಓಕೇ ಇನ್ ದೇರ್?"

ದಿನಾ ಕೇಳುತ್ತಾಳೆ. ದಿನಾ ನಾನು ನೀರು ಚೆನ್ನಾಗಿ ಕಾದಿದೆ ಎಂದೋ, ಹೊರಗೆ ಚಳಿ ಇದೆ, ಜಾಕೆಟ್ ಹಾಕ್ಕೋ ಎಂದೋ ಹೇಳಿ ಕಳಿಸುತ್ತೇನೆ. ಹುಡುಗಿಗೆ ಆಫೀಸಿಗೆ ಲೇಟಾಗಬಾರದಲ್ಲ.

"ಲಾಕ್ ಮಾಡಿಲ್ಲ, ಬಾ," ಎಂದೆ. "ನಿಮ್ಮ ಅಬ್ಬಾ ಇಲ್ಲದೆ ಬೆಳಗ್ಗೆ ಹೊತ್ತು ನನಗೆ ತುಂಬಾ ಕಷ್ಟ ಆಗ್ತಿದೆ, ಸನಾ."

ಅವಳು ಒಳಗೆ ಬಂದಳು. ಆಫೀಸಿನ ಬಟ್ಟೆಯಲ್ಲೇ ಟಬ್ಬಿನ ಒದ್ದೆ ಅಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು. "ಮೀ ಟೂ, ಅಮ್ಮೀ. ನೀನು ಅಳ್ತೀಯ ಅಂತ ನಾನು ಹೇಳಿರಲಿಲ್ಲ," ಎಂದಳು.

ಟ್ರೈನಿಗೆ ಹೊತ್ತಾಯಿತು ಎಂದು ಅವಳೂ ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.