ಮೂಲೆ ಕತ್ತರಿಸದ ಫಿಲ್ಮು

ಅಪೊಲೋನಿಯಾಳಷ್ಟು ಪುಕ್ಕಲು ಹೆಂಗಸು ನಮ್ಮ ಊರಲ್ಲಿ ಇನ್ನೊಬ್ಬಳಿರಲಿಲ್ಲ. ನಾಯಿ ಬೊಗಳಿದರೂ ಬೆಚ್ಚಿಬೀಳುವಳು. ನಗುವ ಮಾತಲ್ಲ ಬಿಡಿ. ಸೋವಿಯತ್ ಸೈನಿಕರು ಗಂಡನನ್ನು ಹಾಸಿಗೆಯಿಂದಲೇ ಎಬ್ಬಿಸಿ ಸೈಬೀರಿಯಾದ ರೈಲು ಹತ್ತಿಸಿದ್ದರು. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಉಳಿದದ್ದು ಅವನ ಫೋಟೋ ಅಂಗಡಿ, ಮೂರು ಕಾಲಿನ ದೊಡ್ಡ ಕ್ಯಾಮೆರಾ. ಲಿಥುವೇನಿಯಾಕ್ಕೆ ಎಂಥ ದರಿದ್ರ ಕಾಲ ಬಂದರೂ ಜನ ಸಾಯುವುದು ಬಿಡುತ್ತಾರೆಯೇ? ಸತ್ತವರ ಪೆಟ್ಟಿಗೆಯ ಸುತ್ತ ಮನೆಮಂದಿ ನಿಂತು ಫೋಟೋ ತೆಗೆಸುತ್ತಾರೆ. ಅವಳ ಹೊಟ್ಟೆಪಾಡಿಗೆ ಅಷ್ಟು ಸಾಕಿತ್ತು.

ನಲವತ್ತೊಂಬತ್ತರ ಮಾರ್ಚಿನಲ್ಲಿ ಪಕ್ಕದ ಹಳ್ಳಿಯ ಬಾರ್ಬೊರಾ ತೀರಿಕೊಂಡಳು. ಮಗಳು ಸ್ಟೆಫಾನಿಯಾ ಮತ್ತು ನೆಂಟರನ್ನು ಪೆಟ್ಟಿಗೆಯ ಹಿಂದೆ ನಿಲ್ಲಿಸಿ ಅಪೊಲೋನಿಯಾ ಒಂದು ಫೋಟೋ ತೆಗೆದಳು. ಕಪ್ಪು ಬಟ್ಟೆಯಿಂದ ತಲೆ ಈಚೆ ತೆಗೆಯುವಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಲ್ಯೂದಾಸ್ ಬಂದ. ಬಾರ್ಬೊರಾಳ ಒಬ್ಬನೇ ಮಗ, ಸರ್ಕಾರದ ಮೇಲೆ ಬಂದೂಕು ಹಿಡಿದು ನಾಲ್ಕು ವರ್ಷದಿಂದ ಕಾಡು ಸೇರಿದವನು. ತಾಯಿಯ ಹಣೆಗೆ ಮುತ್ತಿಟ್ಟು ಪಕ್ಕದಲ್ಲೇ ನಿಂತ.

"ಇನ್ನೊಂದು ತೆಗೀರಿ ಅಪೊಲೋನಿಯಮ್ಮಾ," ಅಂದಳು ಸ್ಟೆಫಾನಿಯಾ.

"ಅಯ್ಯೋ, ಬೇಡ ಕಣೇ! ಇದು ಯಾರ ಕಣ್ಣಿಗಾದ್ರೂ ಬಿದ್ರೆ ನಿನ್ನನ್ನೂ ಒಯ್ತಾರೆ, ನನ್ನನ್ನೂ ಒಯ್ತಾರೆ."

"ನಿಮ್ಮ ದಮ್ಮಯ್ಯ. ಒಂದೇ ಒಂದು."

ತೆಗೆದಳು. ಲ್ಯೂದಾಸ್ ಬಂದ ದಾರಿಯಲ್ಲೇ ಮರೆಯಾದ.

ಮರುದಿನ ಬೆಳಿಗ್ಗೆ ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಎರಡೂ ಫಿಲ್ಮು ಹಾಳೆಗಳನ್ನು ಚಿತ್ರ ಮೂಡಿಸುವ ಡೆವಲಪರ್ ನೀರಿನ ತಟ್ಟೆಗೆ ಹಾಕಿದಳು. ಆ ಫಿಲ್ಮಿಗೆ ಕೆಂಪು ದೀಪವೂ ಆಗದು. ಎಲ್ಲ ಬೆರಳಿನ ಮೇಲೇ ನಡೆಯಬೇಕು. ಅದಕ್ಕೇ, ಯಾವುದು ಯಾವುದೆಂದು ಬೆರಳಿಗೆ ತಿಳಿಯಲೆಂದು, ಮೊದಲು ತೆಗೆದ ಹಾಳೆಯ ಒಂದು ಮೂಲೆ ಕತ್ತರಿಸುವುದು ಅವಳ ರೂಢಿ. ಎಂಟು ನಿಮಿಷ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಿರಬೇಕು. ಆಮೇಲೆ ಹೈಪೋ ನೀರಿಗೆ ಹಾಕಿದರೆ ಚಿತ್ರ ನಿಂತಿತು, ಬೆಳಕಿನ ಭಯವಿಲ್ಲ.

ಆರನೆಯ ನಿಮಿಷಕ್ಕೆ ಯಾರೋ ಬಾಗಿಲು ದಡದಡ ಬಡಿದರು.

"ಏ ಫೋಟೋದವಳೇ! ನಿನ್ನೆ ಸಾವಿನ ಮನೆಗೆ ಹೋಗಿದ್ದೆಯಂತೆ? ತೆಗಿ ಬಾಗಿಲು!"

ಊರಿಗೆಲ್ಲ ಗೊತ್ತಿದ್ದ ದನಿ, ಕಾಡಿನವರನ್ನು ಹುಡುಕುವ ಅಧಿಕಾರಿಯದು.

"ಬೆಳಕು ಬಿದ್ರೆ ಹಾಳಾಗ್ತದೆ ಸಾಹೇಬ್ರೇ, ಸ್ವಲ್ಪ ತಡೀರಿ!"

"ಒಂದು ನಿಮಿಷ. ಆಮೇಲೆ ಒದ್ದೇ ಒಳಗೆ ಬರ್ತೀನಿ."

ಒದ್ದು ಬಂದರೆ ಎರಡೂ ಹೋಗುತ್ತವೆ. ಹೋಗಲಿ, ಪೀಡೆ ತೊಲಗಿತು ಅಂದುಕೊಂಡಳು. ಆದರೆ ಒಂದೂ ಉಳಿಯದಿದ್ದರೆ ಏನು ಮುಚ್ಚಿಟ್ಟೆ ಅಂತ ಕೇಳುವುದಿಲ್ಲವೇ? ತಟ್ಟೆಯಲ್ಲಿ ಬೆರಳಾಡಿಸಿದಳು. ಹಾಳೆ ಜಾರಿತು, ಮತ್ತೆ ಹಿಡಿದಳು. ಒಂದು ಮೂಲೆ, ಎರಡು, ಮೂರು, ನಾಲ್ಕೂ ನೆಟ್ಟಗಿವೆ. ಇದು ಲ್ಯೂದಾಸನದು. ಅದನ್ನು ಅಲ್ಲೇ ಬಿಟ್ಟು, ಮೂಲೆ ಕತ್ತರಿಸಿದ್ದನ್ನು ಹೈಪೋಗೆ ಮುಳುಗಿಸಿದಳು. ಬಾಯಲ್ಲಿ ಸೆಕೆಂಡಿನ ಎಣಿಕೆ ತಪ್ಪಿತು, ಮತ್ತೆ ಎಣಿಸಿದಳು. ಮೊದಲ ಒದೆ ಬೀಳುತ್ತಲೇ ತಾನೇ ಚಿಲಕ ತೆಗೆದಳು.

ಅಂಗಡಿಯ ಕಿಟಕಿಯ ಬೆಳಕು ಒಳಗೆ ನುಗ್ಗಿತು. ತಟ್ಟೆಯಲ್ಲಿದ್ದ ಹಾಳೆ ನೋಡನೋಡುತ್ತಲೇ ಕಾವಲಿಯ ತಳದ ಹಾಗೆ ಕಪ್ಪಾಯಿತು.

"ಇದೇನಿದು?"

"ಬೆಳಕು ಬಿತ್ತಲ್ಲ ಸಾಹೇಬ್ರೇ. ಎರಡೂ ಒಂದೇ ಥರದವು. ಯಾರಾದ್ರೂ ಕಣ್ಣು ಮುಚ್ಚಿದ್ರೆ ಅಂತ ಎರಡು ತೆಗೆಯೋದು."

ಅವನು ನಂಬಲಿಲ್ಲ. ಉಳಿದ ಹಾಳೆಯನ್ನು ಎದುರಲ್ಲೇ ತೊಳೆಸಿ, ಒಣಗಿಸಲು ಹೇಳಿದ. ಅವಳು ಅದನ್ನು ಫೋಟೋ ಕಾಗದದ ಮೇಲಿಟ್ಟು, ಗಾಜಿನಿಂದ ಒತ್ತಿ, ಬಲ್ಬಿನ ಬೆಳಕು ತೋರಿಸಿ, ಕಾಗದವನ್ನು ಡೆವಲಪರ್‌ಗೆ ಹಾಕಿದಳು. ಕಾಗದದ ಮೇಲೆ ಮುಖಗಳು ಮೂಡಿದವು, ಲ್ಯೂದಾಸ್ ಅವರಲ್ಲಿರಲಿಲ್ಲ. ಬೆರಳು ತಪ್ಪಿರಲಿಲ್ಲ. ಅವನು ತಲೆ ಎಣಿಸಿ, ಒದ್ದೆ ಫೋಟೋವನ್ನೇ ಕಿತ್ತುಕೊಂಡು ಹೋದ. ಅವಳು ನೆಲಕ್ಕೆ ಕುಸಿದವಳು ಮಧ್ಯಾಹ್ನದವರೆಗೂ ಏಳಲಿಲ್ಲ.

ಶನಿವಾರ ಸಂತೆಗೆ ಬಂದ ಸ್ಟೆಫಾನಿಯಾ ಅಂಗಡಿಗೆ ಬಂದಳು. ಜನ್ಮದಲ್ಲಿ ಮೊದಲ ಸಲ ಅಪೊಲೋನಿಯಾಳಿಗೆ ತನ್ನ ಮೇಲೇ ಹೆಮ್ಮೆಯಾಗಿತ್ತು.

"ಹೆದರ್ಬೇಡ ಕಣೇ. ಅವನಿದ್ದ ಫಿಲ್ಮು ಬೆಳಕು ಬಿದ್ದು ಕಪ್ಪಾಗಿಹೋಯ್ತು. ಯಾರೂ ನೋಡಲಿಲ್ಲ."

ಸ್ಟೆಫಾನಿಯಾ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು.

"ಚೌಕದಲ್ಲಿ ಮೂರು ಹೆಣ ಎಸೆದಿದಾರೆ, ನೋಡಿದ್ರಾ?"

"ನಾನು ಆ ಕಡೆ ತಲೆ ಎತ್ತಲ್ಲಮ್ಮ."

"ನಡುವಿನವನು ನಮ್ಮ ಲ್ಯೂದಾಸ್, ಅಂಗಿ ನೋಡಿ ಗೊತ್ತಾಯ್ತು. ಮುಖ ಅಂತ ಏನೂ ಉಳಿದಿಲ್ಲ. ಯಾರು ಅಳ್ತಾರೋ ಅವರೇ ಮನೆಯವರು ಅಂತ ಹಿಡಿಯೋಕೆ ಸೈನಿಕರು ಕಾಯ್ತಾ ನಿಂತಿದಾರೆ. ನಾನು ಮೊಟ್ಟೆ ಬುಟ್ಟಿ ಹಿಡ್ಕೊಂಡು ಸುಮ್ನೆ ದಾಟಿ ಬಂದೆ. ಇಲ್ಲಿ ಅವನ ಮುಖ ಇದೆ ಅಂತ ಬಂದೆ, ಅಪೊಲೋನಿಯಮ್ಮಾ."

ಅಪೊಲೋನಿಯಾ ಸ್ಟೆಫಾನಿಯಾಳ ತೋಳು ಹಿಡಿದು ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು.

"ಅಳು ಕಣೇ," ಅಂದಳು. "ಯಾರು ಬಡಿದ್ರೂ ಈ ಸಲ ತೆಗೆಯಲ್ಲ."